ಪಾವಗಡದಿಂದ ಹೊಳವನಹಳ್ಳಿಗೆ ಒಂದು ಗೆರೆ

ನಾನು ಮಧುಗಿರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಮಕ್ಕಳಿಗೆ ಬ್ರೌಸರಿನಲ್ಲಿ ಚಿತ್ರ ಬರೆಸುವುದನ್ನು ಕಲಿಸುವ ಒಂದು ಪೇಪರ್ ಇದೆ. ಅದರಲ್ಲಿ ನೆಟ್‌ವರ್ಕ್ ಗ್ರಾಫ್ ಎಂಬ ಪಾಠ ಬರುತ್ತದೆ. ಹೆಸರು ದೊಡ್ಡದು, ವಿಷಯ ಇಷ್ಟೇ: ಕೆಲವು ಚುಕ್ಕಿಗಳು, ಅವುಗಳ ನಡುವೆ ಗೆರೆಗಳು. ಮೌಸಿನಿಂದ ಒಂದು ಚುಕ್ಕಿಯನ್ನು ಹಿಡಿದು ಎಳೆದರೆ ಅದಕ್ಕೆ ಅಂಟಿದ ಗೆರೆಗಳು ಹಿಂದೆಯೇ ಬರುತ್ತವೆ.

ಪುಸ್ತಕದಲ್ಲಿದ್ದ ಉದಾಹರಣೆ ಯಾವುದೋ ದೇಶದ ವಿಮಾನ ನಿಲ್ದಾಣಗಳದ್ದು. ನಮ್ಮ ಮಕ್ಕಳಲ್ಲಿ ವಿಮಾನ ಹತ್ತಿದವರು ಯಾರೂ ಇರಲಿಲ್ಲ, ನಾನೂ ಹತ್ತಿಲ್ಲ. ಹಾಗಾಗಿ ನಮ್ಮ ಮನೆತನದ ಹೆಣ್ಣುಮಕ್ಕಳನ್ನೇ ಉದಾಹರಣೆಗೆ ತೆಗೆದುಕೊಂಡೆ. ಒಂದೊಂದು ಊರಿಗೆ ಒಂದು ಚುಕ್ಕಿ. ಒಂದು ಊರಿನಲ್ಲಿ ಹುಟ್ಟಿ ಇನ್ನೊಂದು ಊರಿಗೆ ಸೊಸೆಯಾಗಿ ಹೋದವಳಿಗೆ ಒಂದು ಗೆರೆ. ಅಜ್ಜಿ ಹೊಳವನಹಳ್ಳಿಯಿಂದ ಮಧುಗಿರಿ ಕಡೆಗೆ ಬಂದವಳು. ಅವಳ ಹಿರಿಯ ಮಗಳು, ಅಂದರೆ ನಮ್ಮ ದೊಡ್ಡವ್ವ, ಮಧುಗಿರಿಯಿಂದ ಸಿರಾಕ್ಕೆ ಹೋದವಳು. ಹೀಗೆ.

ಯಾರು ಎಲ್ಲಿಂದ ಎಲ್ಲಿಗೆ ಹೋದರು ಎನ್ನುವುದನ್ನು ತೋರಿಸಲು ಮೊದಲು ಗೆರೆಯ ತುದಿಗೆ ಬಾಣ ಹಾಕಿದ್ದೆ. ಮಧುಗಿರಿಗೆ ಬಂದು ಸೇರುವ ಗೆರೆಗಳು ಹೆಚ್ಚು. ಬಾಣದ ತಲೆಗಳೆಲ್ಲ ಒಂದರ ಮೇಲೊಂದು ಕೂತು ಮಧುಗಿರಿಯ ಚುಕ್ಕಿಯೇ ಕಾಣದೆ ಅಲ್ಲೊಂದು ಜಾಲಿಮುಳ್ಳಿನ ಕಂಟಿ ಎದ್ದಂತಾಯಿತು. ಬಾಣಗಳನ್ನು ತೆಗೆದುಹಾಕಿ ಗೆರೆಗೇ ಬಣ್ಣ ಬಳಿದೆ. ತವರಿನ ಬಣ್ಣದಲ್ಲಿ ಶುರುವಾಗಿ, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬದಲಾಗುತ್ತಾ, ಗಂಡನ ಮನೆಯ ಬಣ್ಣದಲ್ಲಿ ಮುಗಿಯುವ ಗೆರೆ. ಇದಕ್ಕೆ ಗ್ರೇಡಿಯಂಟ್ ಎನ್ನುತ್ತಾರೆ. ಹೊಳವನಹಳ್ಳಿಗೆ ಹಸಿರು, ಸಿರಾಕ್ಕೆ ನೇರಳೆ, ಮಧುಗಿರಿಗೆ ನೀಲಿ ಕೊಟ್ಟೆ. ಮುಂದೆ ಪಾವಗಡವೂ ಸೇರಿದಾಗ ಅದಕ್ಕೆ ಕೆಂಪು ಕೊಟ್ಟು ನೋಡಿದೆ. ಹಸಿರು ಕೆಂಪು ಸೇರುವ ನಡುಭಾಗ ಕೆಸರಿನಂತೆ ಕಂಡಿತು. ಕಿತ್ತಳೆ ಕೊಟ್ಟ ಮೇಲೆ ಸರಿಹೋಯಿತು. ಚುಕ್ಕಿಗಳು ಅಡ್ಡಾದಿಡ್ಡಿ ನಿಲ್ಲಬಾರದೆಂದು, ರಂಗೋಲಿಯ ಚುಕ್ಕಿಗಳ ಹಾಗೆ ಸಾಲಿನಲ್ಲೇ ಬಂದು ಕೂರುವಂತೆಯೂ ಮಾಡಿದ್ದೆ. ಮಕ್ಕಳಿಗೆ ಬಹಳ ಇಷ್ಟವಾಯಿತು. ತಮ್ಮ ತಮ್ಮ ಮನೆಯದ್ದೂ ಮಾಡಿಕೊಂಡು ಬಂದರು. ನನಗೂ ಸಣ್ಣ ಹೆಮ್ಮೆ ಇತ್ತು.

ಅದೇ ವರ್ಷ ನನ್ನ ತಂಗಿಯ ಮದುವೆಯ ಮಾತು ಬಂತು. ಅವಳಿಗೆ ಮೂವತ್ತು ದಾಟಿತ್ತು. ಪಾವಗಡ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್ ಆಗಿದ್ದಾಳೆ, ಪಾವಗಡದಲ್ಲಿ ಬಾಡಿಗೆ ಮನೆ. ಬಂದ ಗಂಡುಗಳನ್ನೆಲ್ಲ ಏನೋ ಒಂದು ಹೇಳಿ ವಾಪಸ್ ಕಳಿಸುತ್ತಿದ್ದವಳು, ಒಂದು ಶನಿವಾರ ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, "ಅಕ್ಕ, ಒಬ್ರು ಅವ್ರೆ" ಅಂದಳು. ಬೆಳಿಗ್ಗೆ ಅವಳು ಹತ್ತುವ ಬಸ್ಸಿನಲ್ಲೇ ಬರುತ್ತಿದ್ದ ಹುಡುಗ. ರಾಯಚರ್ಲಿನವನು. ಆ ಕಡೆ ಹಳ್ಳಿಗಳಿಗೆಲ್ಲ ಹರಡಿರುವ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ತಂದೆ ಇಲ್ಲ, ತಾಯಿ ಇದ್ದಾರೆ. ನಮ್ಮವರೇ, ಬೆಡಗು ಬೇರೆ, ಅಂದರೆ ಒಂದೇ ಕುಲದ ಅಡ್ಡಿಯೂ ಇಲ್ಲ. ಅಪ್ಪ ಒಂದೇ ಮಾತಿಗೆ ಒಪ್ಪಿಬಿಟ್ಟರು. ಅಪ್ಪ ಯಾವತ್ತೂ ಒಂದೇ ಮಾತಿಗೆ ಒಪ್ಪುವವರು.

ನಮ್ಮ ಅವ್ವ ತೀರಿಕೊಂಡು ಬಹಳ ಕಾಲವಾಗಿದೆ. ಅವಳ ಜಾಗದಲ್ಲಿ ನಮಗಿದ್ದವಳು ಸಿರಾದ ದೊಡ್ಡವ್ವ. ಅವಳ ಬಾಯಿಂದ ಹೂಂ ಬರದೆ ನಮ್ಮ ಮನೆಯಲ್ಲಿ ಯಾವ ಶುಭವೂ ನಡೆದದ್ದಿಲ್ಲ. ಹಾಗಾಗಿ ಹುಡುಗನನ್ನೂ ಅವನ ತಾಯಿಯನ್ನೂ ಸಿರಾಕ್ಕೇ ಬರಹೇಳಿದೆವು.

ದೊಡ್ಡವ್ವ ಸಂಭ್ರಮದಿಂದಲೇ ಇದ್ದಳು. ಬಳೆ ಅಂಗಡಿ ಇಟ್ಟಿರುವ ಪಕ್ಕದ ಮನೆಯ ಸಾಹೇಬರ ಹೆಂಡತಿ ತಮ್ಮ ಮನೆಯಿಂದ ಕುರ್ಚಿಗಳನ್ನು ತಂದುಕೊಟ್ಟು ಬಾಗಿಲ ಹತ್ತಿರ ತಾವೂ ಒಂದರಲ್ಲಿ ಕೂತರು. ಉಪ್ಪಿಟ್ಟು ಆಯಿತು, ಕಾಫಿ ಆಯಿತು. ದೊಡ್ಡವ್ವ ಹುಡುಗನ ತಾಯಿಯನ್ನು ಮಾತಿಗೆಳೆದಳು.

"ನಿಮ್ ತವರು ಯಾವ್ದಮ್ಮ?"

"ಪಾವಗಡನೇ. ನಮ್ಮವ್ವನ ಮನೇಲೇ ಬೆಳ್ದಿದ್ದು ನಾನು."

"ನಿಮ್ಮವ್ವ ಅಂದ್ರೆ ಯಾರು? ಪಾವಗಡದಲ್ಲಿ ನಮ್ಗೂ ನಂಟರವ್ರೆ."

ಹುಡುಗನ ತಾಯಿ ತನ್ನ ತಾಯಿಯ ಹೆಸರು ಹೇಳಿದರು. ದೊಡ್ಡವ್ವ ಕೈಲಿದ್ದ ಲೋಟವನ್ನು ಕೆಳಗಿಟ್ಟಳು.

"ಹೊಳವನಳ್ಳಿಗೆ ಬರೋರಾ ಅವ್ರು? ಸಣ್ಣ ಮಗೀನ ಎತ್ಕೊಂಡು?"

"ಹೂಂ, ಬರೋರಂತೆ. ಆ ಮಗು ನಾನೇ."

ದೊಡ್ಡವ್ವ ನಮ್ಮ ಅಪ್ಪನ ಕಡೆ ತಿರುಗಿದಳು. "ಇದಾಗಾಕಿಲ್ಲ ಕಣಪ್ಪ. ಪಾವಗಡದವ್ವ ಅಂತಿದ್ವಿ ನಾವು ಅವ್ಳ್ನ. ನಮ್ಮವ್ವನ ತಂಗಿ. ಅಕ್ಕ ತಂಗಿ ಅಂತ್ಲೇ ಕೂಗ್ಕೊಳ್ಳೋರು. ಅಂದ್ಮೇಲೆ ಈಯಮ್ಮ ನಂಗೆ ತಂಗಿ ಆದ್ಲು, ನಿನ್ ಹೆಂಡ್ತಿಗೂ ಅಕ್ಕನೋ ತಂಗಿನೋ ಆದ್ಲು. ಈ ಹುಡ್ಗ ನಿನ್ ಮಗ್ಳಿಗೆ ಅಣ್ಣ ಆಯ್ತಾನೆ. ವರಸೆ ಕೂಡಾಕಿಲ್ಲ."

ತಂಗಿ ತಲೆ ತಗ್ಗಿಸಿ ಕೂತಿದ್ದವಳು ತಟ್ಟನೆ ನನ್ನನ್ನು ನೋಡಿದಳು.

ಹುಡುಗನ ತಾಯಿಗೆ ಗಾಬರಿ. "ಅಯ್ಯೋ ಅಂಗಲ್ಲ ಅಕ್ಕ, ನಮ್ಮವ್ವ ಪಾವಗಡದೋಳೇ. ಹೊಳವನಳ್ಳಿ ಮನೇಗೆ ಸೊಸೆಯಾಗಿ ಹೋಗಿದ್ದು. ಹೊಳವನಳ್ಳಿಯವ್ರು ನಮ್ಮಪ್ಪ. ನಾನ್ ಹುಟ್ದಾಗ್ಲೇ ತೀರ್ಕೊಂಡ್ರಂತೆ."

"ನಮ್ಮವ್ವಂಗೆ ಒಬ್ನೇ ಅಣ್ಣ. ಅವ್ನು ಮೊನ್ನೆ ಮೊನ್ನೆವರ್ಗೂ ಇದ್ದ. ನೀನು ಯಾರ್ನ ಹೇಳ್ತಿದ್ದೀಯ?" ದೊಡ್ಡವ್ವನ ದನಿಯಲ್ಲಿ ಕೋಪ ಇರಲಿಲ್ಲ. ಆದರೆ ಆಕೆ ನಂಬಲಿಲ್ಲ. "ಮಗನ ಮದ್ವೆ ಅಂದ್ರೆ ಯಾರಾದ್ರೂ ಅಂಗೇ ಹೇಳ್ತಾರೆ, ತಪ್ಪಲ್ಲ ಬುಡು. ನಾನು ಕಣ್ಣಾರ ಕಂಡಿವ್ನಿ ಕಣಮ್ಮ. ಪಾವಗಡದಿಂದ ಹಬ್ಬಕ್ಕೆ ಹೊಳವನಳ್ಳಿಗೆ ಬರೋಳು. ಹಬ್ಬಕ್ಕೆ ಹೆಣ್ಮಕ್ಳು ಬರದು ತವರಿಗಲ್ದೆ ಇನ್ನೆಲ್ಗೆ?"

ಬಾಗಿಲ ಹತ್ತಿರ ಕೂತಿದ್ದ ಬಳೆ ಅಂಗಡಿಯವರು ಮೆಲ್ಲಗೆ, "ನಮ್ಮಲ್ಲಿ ಖಾಲಾ ಮಗನ್ಗೇ, ಅವ್ವನ ತಂಗಿ ಮಗನ್ಗೇ ಕೊಡ್ತಾರಲ್ಲ, ಏನಾಗ್ತದೆ ಅದ್ರಾಗೆ" ಅಂದರು. ದೊಡ್ಡವ್ವ ಅಷ್ಟು ಬೇಸರದಲ್ಲೂ ನಕ್ಕು, "ನಿಮ್ದು ನಿಮ್ಗೆ, ನಮ್ದು ನಮ್ಗೆ ಕಣವ್ವ" ಅಂದಳು.

ಆಗ ನನಗೆ ನನ್ನ ಗ್ರಾಫ್ ನೆನಪಾಯಿತು. ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ತಂಗಿ ಸಂಬಂಧದ ವಿಷಯ ಹೇಳಿದ ವಾರದಲ್ಲೇ ಹುಡುಗನ ಮನೆಯವರಿಂದ ಕೇಳಿ ಅವರ ಕಡೆಯ ಹೆಂಗಸರನ್ನೂ ಅದಕ್ಕೆ ಸೇರಿಸಿದ್ದೆ. ಪಾವಗಡದವ್ವನ ಗೆರೆ ಅದರಲ್ಲಿತ್ತು: ಕಿತ್ತಳೆಯಲ್ಲಿ ಶುರುವಾಗಿ ಹಸಿರಿನಲ್ಲಿ ಮುಗಿಯುವುದು, ಅಂದರೆ ಪಾವಗಡದಲ್ಲಿ ಹುಟ್ಟಿ ಹೊಳವನಹಳ್ಳಿಗೆ ಸೊಸೆಯಾಗಿ ಹೋದವಳು. ಊರು ಒಂದೇ ಎಂದು ಕಂಡರೂ, ಮನೆಯೂ ಅಜ್ಜಿಯ ಮನೆಯೇ ಎಂದು ಆಗ ಹೊಳೆದಿರಲಿಲ್ಲ. ಮಾತಿನಲ್ಲಿ ಗೊಂದಲವಾಗುವುದು ಕಣ್ಣಿಗೆ ಕಂಡರೆ ಬಗೆಹರಿದೀತು ಎಂದುಕೊಂಡೆ. ದೊಡ್ಡವ್ವನ ಮುಂದೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅವಳ ಗೆರೆಯನ್ನೇ ಮೊದಲು ತೋರಿಸಿದೆ. ಮಧುಗಿರಿ ಹತ್ತಿರ ನೀಲಿ, ಸಿರಾ ಹತ್ತಿರ ನೇರಳೆ. ಅವಳಿಗೆ ತಕ್ಷಣ ಅರ್ಥವಾಯಿತು.

"ಹುಟ್ಟಿದ್ ಮನೆ ಬಣ್ಣ ಒಂದ್ಕಡೆ, ಕೊಟ್ಟಿದ್ ಮನೆ ಬಣ್ಣ ಒಂದ್ಕಡೆ. ಸರಿ. ಪಾವಗಡದವ್ವಂದು ಯಾವ್ದು?"

ಆ ಗೆರೆಯ ಮೇಲೆ ಬೇರೆ ಗೆರೆಗಳು ಹಾದುಹೋಗಿದ್ದವು. ಬಿಡಿಸಿ ತೋರಿಸೋಣವೆಂದು ಪಾವಗಡದ ಚುಕ್ಕಿಯನ್ನು ಹಿಡಿದು ಹೊಳವನಹಳ್ಳಿಯ ಇನ್ನೊಂದು ಪಕ್ಕಕ್ಕೆ ಎಳೆದೆ. ಚುಕ್ಕಿ ದಾಟುತ್ತಿದ್ದ ಹಾಗೆ ಗೆರೆಯ ಬಣ್ಣ ತಿರುಗುಮುರುಗಾಯಿತು. ಕಿತ್ತಳೆ ಚುಕ್ಕಿಯ ಹತ್ತಿರ ಹಸಿರು, ಹಸಿರು ಚುಕ್ಕಿಯ ಹತ್ತಿರ ಕಿತ್ತಳೆ.

"ಈಗ ನೋಡು, ಹೊಳವನಳ್ಳಿಯಿಂದ ಹೋದೋಳು ಅಂತ್ಲೇ ಆಯ್ತಲ್ಲ?" ಅಂದಳು ದೊಡ್ಡವ್ವ.

ಚುಕ್ಕಿಯನ್ನು ವಾಪಸ್ ಎಳೆಯಲು ಹೋದೆ. ಅದು ಹೊಳವನಹಳ್ಳಿಯ ಚುಕ್ಕಿಯ ಸಾಲಿಗೇ ಬಂದು ಕೂತಿತು. ಎರಡೂ ಒಂದೇ ಮಟ್ಟಕ್ಕೆ ಬಂದದ್ದೇ ತಡ, ನಡುವಿನ ಗೆರೆ ಪೂರ್ತಿ ಮಾಯವಾಯಿತು. ಅಲ್ಲಿ ಏನೂ ಇಲ್ಲ, ಬರೀ ಬಿಳಿ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಎಳ್ದಂಗೆ ಬಣ್ಣ ತಿರುಗ್ತದೆ, ಆಮ್ಯಾಕೆ ಗೆರೆನೇ ಇಲ್ಲ," ಅಂದಳು ದೊಡ್ಡವ್ವ. "ಇದ್ನ ನಂಬ್ಕೊಂಡು ಮದ್ವೆ ಮಾಡಾಕಾಯ್ತದಾ? ಮುಚ್ಚಿಡವ್ವ ಅದ್ನ."

ಮುಚ್ಚಿಟ್ಟೆ. ಹುಡುಗನ ತಾಯಿ ಎದ್ದು ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಅಂದರು. ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಕಳಿಸಿಬರಲು ತಂಗಿಯೇ ಹೋದಳು. ಬರುವಾಗ ಅತ್ತಿರಲಿಲ್ಲ, ಅದು ನನಗೆ ಇನ್ನೂ ಹೆಚ್ಚು ಸಂಕಟ ಕೊಟ್ಟಿತು. ಮಧುಗಿರಿಗೆ ವಾಪಸ್ ಬರುವ ದಾರಿಯಲ್ಲಿ ಒಂದೇ ಮಾತು ಹೇಳಿದಳು: "ದೊಡ್ಡವ್ವ ಹೇಳಿದ್ದು ನಿಜವಾದ್ರೆ ಬುಟ್ಬುಡೋಣ ಅಕ್ಕ. ಸುಳ್ಳಾದ್ರೆ ಮಾತ್ರ ನಂಗೆ ಹೇಳು."

ಮುಂದಿನ ಭಾನುವಾರ ಬೆಳಿಗ್ಗೆ ಕೋಡ್ ತೆರೆದು ಕೂತೆ. ತಪ್ಪು ಸಿಗಲು ಬಹಳ ಹೊತ್ತು ಬೇಕಾಗಲಿಲ್ಲ. ನಾನು ಬ್ರೌಸರಿಗೆ ಹೇಳಿದ್ದು, ಈ ಗೆರೆಗೆ ಕಿತ್ತಳೆಯಿಂದ ಹಸಿರಿಗೆ ಬಣ್ಣ ಬಳಿ ಎಂದು ಮಾತ್ರ. ಎಲ್ಲಿಂದ ಶುರುಮಾಡಬೇಕು ಎಂದು ಹೇಳಿರಲಿಲ್ಲ. ಹೇಳದೆ ಬಿಟ್ಟರೆ ಅದು ಗೆರೆಯ ಸುತ್ತ ಒಂದು ಅದೃಶ್ಯ ಚೌಕಟ್ಟು ಕಟ್ಟಿಕೊಂಡು ಎಡದಿಂದ ಬಲಕ್ಕೆ ಬಳಿಯುತ್ತದೆ. ಅದಕ್ಕೆ ಗೊತ್ತಿದ್ದದ್ದು ಎಡ ಬಲ ಮಾತ್ರ. ತವರು ಯಾವುದು, ಗಂಡನ ಮನೆ ಯಾವುದು ಎನ್ನುವುದಲ್ಲ. ಪಾವಗಡ ಎಡಕ್ಕಿರುವವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಬಲಕ್ಕೆ ಹೋದ ಕೂಡಲೇ ತಿರುಗುಮುರುಗು. ಇನ್ನು ಗೆರೆ ಪೂರ್ತಿ ಅಡ್ಡವಾಗಿ ಮಲಗಿದರೆ ಆ ಚೌಕಟ್ಟಿಗೆ ಎತ್ತರವೇ ಇರುವುದಿಲ್ಲ. ಎತ್ತರವಿಲ್ಲದ ಚೌಕಟ್ಟಿನಲ್ಲಿ ಬಣ್ಣ ಬಳಿಯಲು ಬಾರದೆ ಬ್ರೌಸರ್ ಗೆರೆಯನ್ನೇ ಬಿಟ್ಟುಬಿಡುತ್ತದೆ. ನಾನೇ ಚೆಂದಕ್ಕೆಂದು ಮಾಡಿದ್ದ ರಂಗೋಲಿ ಸಾಲಿನಿಂದಾಗಿ ಆ ದಿನ ಹಾಗಾಗಿತ್ತು.

ಚೌಕಟ್ಟಿನ ಲೆಕ್ಕವನ್ನು ಬಿಟ್ಟು, ಬಣ್ಣದ ಎರಡು ತುದಿಗಳನ್ನೂ ಎರಡು ಚುಕ್ಕಿಗಳಿಗೇ ಕಟ್ಟಿಹಾಕಿದೆ. ಪ್ರತಿ ಗೆರೆಗೂ ಅದರದೇ ಬಣ್ಣ. ಚುಕ್ಕಿ ಒಂದು ಕೂದಲೆಳೆಯಷ್ಟು ಸರಿದರೂ ಬಣ್ಣದ ತುದಿ ಅದರ ಜೊತೆಗೇ ಸರಿಯಬೇಕು. ಅಪ್ಪ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಕೈಗೆ ಮೌಸ್ ಕೊಟ್ಟು, ಹೇಗೆ ಬೇಕಾದರೂ ಎಳೆಯಿರಿ ಅಂದೆ. ಅಪ್ಪ ಪಾವಗಡವನ್ನು ಮೇಲೆ, ಕೆಳಗೆ, ಮೂಲೆಗೆಲ್ಲ ಎಳೆದಾಡಿದರು. ಕಿತ್ತಳೆ ಪಾವಗಡವನ್ನು ಬಿಡಲಿಲ್ಲ, ಹಸಿರು ಹೊಳವನಹಳ್ಳಿಯನ್ನು ಬಿಡಲಿಲ್ಲ. ಒಂದೇ ಸಾಲಿಗೆ ತಂದಿಟ್ಟರು. ಗೆರೆ ಅಲ್ಲೇ ಇತ್ತು.

"ಸರಿಯಾಯ್ತಲ್ಲ ಬಿಡು," ಅಂದರು ಅಪ್ಪ.

ಎಲ್ಲಿ ಸರಿಯಾಗಿತ್ತು? ಗೆರೆ ಈಗ ನಾನು ಹೇಳಿದ್ದನ್ನು ಸ್ಥಿರವಾಗಿ ಹೇಳುತ್ತಿತ್ತು, ಅಷ್ಟೇ. ನಾನು ಹೇಳಿದ್ದು ನಿಜವೇ? ಹುಡುಗನ ತಾಯಿ ಹೇಳಿದ್ದನ್ನು ಹಾಗೇ ತುಂಬಿದ್ದೆ. ಅದು ನಿಜವಾಗಿರಲಿ ಎಂದು ನನ್ನ ಮನಸ್ಸೂ ಬಯಸುತ್ತಿತ್ತು. ಹೊಳವನಹಳ್ಳಿಯ ಅಜ್ಜಿಯ ತವರಿಗೆ ಫೋನ್ ಮಾಡಿದೆ. ಈಗ ಆ ಮನೆಯಲ್ಲಿರುವ ಅಜ್ಜಿಯ ಅಣ್ಣನ ಮಗ ಬಹಳ ಯೋಚನೆ ಮಾಡಿ, "ಪಾವಗಡದವ್ವ ಅಂತ ಹೆಸ್ರು ಕೇಳಿವ್ನಿ ಕಣಮ್ಮ. ಮಗ್ಳೋ ಸೊಸೆಯೋ ನಂಗೆ ಗೊತ್ತಿಲ್ಲ. ಗೊತ್ತಿದ್ದೋರು ಯಾರೂ ಈಗಿಲ್ಲ" ಅಂದರು.

ಹುಡುಗನಿಗೆ ಫೋನ್ ಮಾಡಿದಾಗ ಅವನು ಒಂದು ದಾರಿ ಹೇಳಿದ. ಪಾವಗಡದವ್ವನ ಒಡಹುಟ್ಟಿದ ತಂಗಿ ಇನ್ನೂ ಬದುಕಿದ್ದಾಳೆ. ರಾಯಚರ್ಲಿನಲ್ಲಿ ಅವರ ಮನೆಯಲ್ಲೇ ಇದ್ದಾಳೆ, ಅವನು ಚಿಕ್ಕಜ್ಜಿ ಎನ್ನುತ್ತಾನೆ. "ಆದ್ರೆ ಮೇಡಂ, ನಮ್ಮನೆಯೋರ ಮಾತು ಅಂತ ದೊಡ್ಡವ್ವ ಒಪ್ತಾರಾ?"

ಅದಕ್ಕೇ ನಾನು ದೊಡ್ಡವ್ವನನ್ನೇ ಕರೆದುಕೊಂಡು ಹೋಗಲು ನಿರ್ಧರಿಸಿದೆ. ಸಿರಾಕ್ಕೆ ಹೋಗಿ ಕೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಆಗಲೇ ಬೀರುವಿನಿಂದ ಒಳ್ಳೆಯ ಸೀರೆ ತೆಗೆಯತೊಡಗಿದಳು.

"ನಂಗೇನು ಆ ಹುಡ್ಗನ ಮ್ಯಾಲೆ ಸಿಟ್ಟಾ? ನಿಮ್ಮವ್ವ ಸಾಯಾಗ ನಿನ್ ತಂಗಿ ಕೈನ ನನ್ ಕೈಯಾಗಿಟ್ಳು. ಮೊನ್ನೆ ಅವ್ರು ಎದ್ದೋದಾಗ್ಲಿಂದ ನಂಗೂ ಊಟ ಸೇರಿಲ್ಲ ಕಣೆ. ನಡಿ, ಕೇಳೇ ಬುಡಾಣ."

ಮಧುಗಿರಿಯಿಂದ ಪಾವಗಡದ ಬಸ್ಸು ಹಿಡಿದೆವು. ಮಿಡಿಗೇಶಿ ದಾಟುವವರೆಗೆ ಅವಳು ಕಿಟಕಿಯ ಪಕ್ಕ ಕೂತು ಯಾರ ಹೊಲದಲ್ಲಿ ಏನಿದೆ ಎಂದು ಹೇಳುತ್ತಿದ್ದಳು. ದೊಡ್ಡವ್ವನ ಮಾತೇ ನಿಜವಾಗಿಬಿಟ್ಟರೆ ತಂಗಿಗೆ ಏನೆಂದು ಹೇಳುವುದು ಎಂದು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತಿದ್ದೆ, ಒಂದೂ ಸರಿಬರುತ್ತಿರಲಿಲ್ಲ. ಪಾವಗಡದಲ್ಲಿ ಇಳಿದಾಗ ಸುತ್ತ ಅರ್ಧ ಕನ್ನಡ, ಅರ್ಧ ತೆಲುಗು. ಕಂಡಕ್ಟರನೊಬ್ಬ ಎರಡರಲ್ಲೂ ಒಂದೇ ಉಸಿರಿಗೆ ಊರುಗಳ ಹೆಸರು ಕೂಗುತ್ತಿದ್ದ. ರಾಯಚರ್ಲಿನ ದಾರಿಯಲ್ಲಿ ಎರಡೂ ಕಡೆ ಸೋಲಾರ್ ಹಲಗೆಗಳು ಶುರುವಾದವು. "ಇದೇನೇ ಇದು, ಕೆರೆ ಇದ್ದಂಗೈತೆ," ಅಂದಳು ದೊಡ್ಡವ್ವ. ಹಲಗೆಗಳು ಎಂದು ಹೇಳಿದ ಮೇಲೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದಳು.

ಹುಡುಗ ಡ್ಯೂಟಿಗೆ ಹೋಗಿದ್ದ, ತಾಯಿ ಮನೆಯಲ್ಲಿದ್ದರು. ಚಿಕ್ಕಜ್ಜಿ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಸಣ್ಣ ಮುಖ, ಬೋಳು ಹಣೆ, ಆದರೆ ಕಣ್ಣು ಚುರುಕು. "ರಾ ಅಮ್ಮಾ, ಕೂಚೋ, ಕುಂತ್ಕೋ," ಅಂದಳು. ಯಾರು ಎಂದು ಹುಡುಗನ ತಾಯಿ ಹೇಳಿದರು: ಹೊಳವನಹಳ್ಳಿ ಮನೆಯ ಮೊಮ್ಮಗಳು.

ಅಜ್ಜಿ ದೊಡ್ಡವ್ವನ ಮುಖವನ್ನೇ ನೋಡಿದಳು. "ಮಾ ಅಕ್ಕನಿ ಇಚ್ಚಿಂದಿ ಅಕ್ಕಡಿಕೇ ಕದಾ! ನಮ್ಮಕ್ಕನ್ನ ಕೊಟ್ಟಿದ್ದು ಅದೇ ಮನೀಗೆ."

ದೊಡ್ಡವ್ವ ಮುಂದಕ್ಕೆ ಸರಿದು ಕೂತಳು. "ಅಜ್ಜಿ, ಯಾರಿಗೆ ಕೊಟ್ಟಿದ್ದು? ಆ ಮನೇಲಿ ಗಂಡುಡುಗ ನಮ್ ಸೋದರಮಾವ ಒಬ್ನೇ."

"ಇಬ್ರು, ಇಬ್ರು. ನಿಮ್ಮವ್ವನ ಅಪ್ಪ, ಅವನ ತಮ್ಮ, ಅಣ್ಣ ತಮ್ಮಂದ್ರು ಒಂದೇ ಮನೆ. ದೊಡ್ಡೋನ ಮಕ್ಳು ನಿಮ್ಮವ್ವ, ನಿಮ್ಮಾವ. ಸಣ್ಣೋನಿಗೆ ಒಬ್ನೇ ಮಗ. ಅವನ್ಗೆ ನಮ್ಮಕ್ಕ." ಅಜ್ಜಿ ಬೆರಳು ಮಡಿಚಿ ಬಿಚ್ಚಿ ಹೇಳುತ್ತಿದ್ದಳು. "ಮಾಕು ಅನ್ನತಮ್ಮುಲು ಲೇರು. ನಮ್ಮಪ್ಪಂಗೆ ಗಂಡು ಮಕ್ಳಿಲ್ಲ. ಮದ್ವೆ ಆಗಿ ಒಂದೆರಡು ವರ್ಷ ನಮ್ಮಕ್ಕ ಹೊಳವನಹಳ್ಳಿನಾಗೇ ಇದ್ಲು. ಆಮ್ಯಾಲೆ ನಮ್ಮಪ್ಪ ಹೋಗಿ ಅವನ್ನ ಇಲ್ಲಟಂ ಕರ್ಕೊಂಡ್ ಬಂದ."

"ಇಲ್ಲಟಂ?"

"ಮನೆ ಅಳಿಯ," ಎಂದು ಹುಡುಗನ ತಾಯಿ ಬಿಡಿಸಿ ಹೇಳಿದರು.

"ಮಂಚಿವಾಡು. ಒಳ್ಳೇನು," ಅಂದಳು ಅಜ್ಜಿ. "ಬಾವಿ ತೋಡ್ತಿದ್ರು. ಮಣ್ಣು ಕುಸೀತು. ಅಷ್ಟೇ. ಈ ಹುಡುಗಿ ಆಗ ಮೊಲೆ ಕೂಸು."

ಹುಡುಗನ ತಾಯಿ ಸೆರಗಿನ ತುದಿಯನ್ನು ಸುತ್ತುತ್ತಾ ಕೂತರು. ದೊಡ್ಡವ್ವ ಇನ್ನೂ ಗಟ್ಟಿಯಾಗೇ ಇದ್ದಳು, ಆದರೆ ದನಿ ಇಳಿದಿತ್ತು. "ಮತ್ತೆ ನಮ್ಮವ್ವನ್ನ ಅಕ್ಕ ಅಂತ ಯಾಕೆ ಕೂಗೋಳು? ಗಂಡನ ಅಕ್ಕ ಆದ್ರೆ ಅತ್ತಿಗೆ ಅನ್ಬೇಕಲ್ವಾ?"

ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ನಮ್ಮಕ್ಕ ವದಿನಾ ಅನ್ನೋಳು. ನಮ್ಮ ತೆಲುಗಿನಾಗೆ ಅತ್ತಿಗೀಗೆ ಅಂಗೇ. ಅಲ್ಲಿ ಎಲ್ರೂ ನಗೋರಂತೆ. ನಿಮ್ಮವ್ವನೇ ಹೇಳಿದ್ಲಂತೆ, ವದಿನ ಗಿದಿನ ಬೇಡ, ಅಕ್ಕ ಅಂದ್ಬುಡು ಅಂತ."

"ಹಬ್ಬಕ್ಕೆ ಬರೋಳಲ್ಲ ಅಜ್ಜಿ, ವರ್ಷ ವರ್ಷ. ಗಂಡ ಸತ್ತೋದ್ಮ್ಯಾಕೂ?"

"ಯಾವ ಹಬ್ಬ ಅಮ್ಮಾ? ಪೆದ್ದಲ ಪಂಡಗ. ಹಿರೇರ ಹಬ್ಬ. ಅವನ್ಗೆ ಎಡೆ ಇಡದು ಅವನು ಹುಟ್ಟಿದ್ ಮನೇಲೇ ಕದಾ? ಅದ್ಕೇ ಹೋಗೋಳು."

ದೊಡ್ಡವ್ವನ ಕಣ್ಣು ಜಗಲಿಯ ಆಚೆ ಎಲ್ಲೋ ನೆಟ್ಟಿತ್ತು. ನಾನು ಮೈಯೆಲ್ಲ ಕಿವಿಯಾಗಿ ಕೂತಿದ್ದೆ.

"ಅಂಗಿ," ಅಂದಳು ದೊಡ್ಡವ್ವ ಮೆಲ್ಲಗೆ. "ಎಡೆ ಮುಂದೆ ಒಂದು ಹೊಸ ಅಂಗಿ ಇಡೋರು ಕಣೆ. ಬಿಳೀ ಅಂಗಿ. ಮುದುಕ್ರಿಗೆಲ್ಲ ಪಂಚೆ, ವಲ್ಲಿ. ಆ ಅಂಗಿ ಮಾತ್ರ ವಯಸ್ನೋರು ಹಾಕ್ಕೊಳ್ಳೋ ಅಂತಾದ್ದು. ನಾನು ಚೆನ್ನಾಗೈತೆ ಅಂತ ಮುಟ್ಟಾಕೋದ್ರೆ ನಮ್ಮವ್ವ ಕೈ ಮ್ಯಾಲೆ ಫಟ್ ಅಂತ ಹೊಡೆದ್ಲು. ಯಾರ್ದವ್ವ ಅಂದೆ. ಏನೂ ಹೇಳ್ನಿಲ್ಲ. ಪಾವಗಡದವ್ವ ಎದ್ದು ಹಿತ್ಲಿಗೆ ಹೋದ್ಲು." ಅವಳು ಹುಡುಗನ ತಾಯಿಯ ಕಡೆ ತಿರುಗಿದಳು. "ನಿಮ್ಮಪ್ಪಂದು ಕಣಮ್ಮ ಅದು. ನಿಮ್ಮಪ್ಪನ ಅಂಗಿ. ನಾನು ಕಂಡಿವ್ನಿ."

ಹುಡುಗನ ತಾಯಿ ಅಪ್ಪನ ಮುಖ ನೋಡಿದವರಲ್ಲ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇಲ್ಲ ಎಂದು ಆಮೇಲೆ ಹೇಳಿದರು. ದೊಡ್ಡವ್ವನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ದೊಡ್ಡವ್ವನೂ ಅತ್ತಳು. ಚಿಕ್ಕಜ್ಜಿ ಮಾತ್ರ ಅಳಲಿಲ್ಲ. ಇಬ್ಬರನ್ನೂ ಸಮಾಧಾನವಾಗಿ ನೋಡುತ್ತಾ, "ಅಯ್ಪೋಯಿಂದಿ, ಆಗೋಯ್ತು ಬುಡ್ರಿ, ಕಾಫಿ ಇಡೇ" ಅಂದಳು.

ನಾನು ಗೋಡೆಗೆ ಒರಗಿದೆ.

ಕಾಫಿ ಕುಡಿದ ಮೇಲೆ ದೊಡ್ಡವ್ವ ಬೆರಳಲ್ಲಿ ಲೆಕ್ಕ ಹಾಕಿದಳು. "ಅವ್ನು ನಮ್ಮವ್ವಂಗೆ ಚಿಕ್ಕಪ್ಪನ ಮಗ, ತಮ್ಮ. ಅಂದ್ರೆ ನಂಗೆ ಸೋದರಮಾವ. ಈಯಮ್ಮ ಸೋದರಮಾವನ ಮಗ್ಳು, ತಂಗಿ ಅಲ್ಲ, ನಾದಿನಿ. ಇವ್ಳ ಮಗಂಗೆ ನಮ್ ಹುಡ್ಗೀನ ಕೊಡಬೌದು. ಕೊಡಬೌದೇನು, ಕೊಡ್ಲೇಬೇಕು! ವರಸೆ ಚಿನ್ನದಂಗೆ ಕೂಡ್ತದೆ." ಆಮೇಲೆ ನನ್ನನ್ನು ನೋಡಿ, "ತಂದಿದ್ದೀಯೇನೇ ಆ ಡಬ್ಬಿ?" ಅಂದಳು.

ತಂದಿದ್ದೆ, ಆದರೆ ತೆರೆಯುವ ಧೈರ್ಯವಿರಲಿಲ್ಲ. ಅವಳೇ ಕೇಳಿದ ಮೇಲೆ ಜಗಲಿಯ ಮೇಲೆ ಬಿಚ್ಚಿಟ್ಟೆ. ಬಿಸಿಲಿಗೆ ಪರದೆ ಕಾಣದೆ ಹುಡುಗನ ತಾಯಿ ಒಂದು ದುಪ್ಪಟಿಯನ್ನು ತಂದು ನಮ್ಮೆಲ್ಲರ ತಲೆಯ ಮೇಲೆ ಮರೆ ಹಿಡಿದರು. ದೊಡ್ಡವ್ವ ತಾನೇ ಮೌಸ್ ಹಿಡಿದು, ಸೇಡು ತೀರಿಸಿಕೊಳ್ಳುವವಳ ಹಾಗೆ ಪಾವಗಡವನ್ನು ಎಡಕ್ಕೂ ಬಲಕ್ಕೂ ಎಳೆದಳು. ಹೊಳವನಹಳ್ಳಿಯ ತಲೆಯ ಮೇಲಿಂದ ದಾಟಿಸಿದಳು. ಒಂದೇ ಸಾಲಿಗೆ ತಂದು ನಿಲ್ಲಿಸಿ, ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು ನೋಡಿದಳು.

"ಈಗ ಕಿತ್ಲೆ ಬಣ್ಣ ಪಾವಗಡದ್ ತಾವೇ ನಿಲ್ತದೆ. ಗೆರೆನೂ ಹೋಗ್ನಿಲ್ಲ. ಹೆಂಗೆ ಸರಿ ಮಾಡ್ದೆ?"

"ಬಣ್ಣದ ತುದೀನ ಚುಕ್ಕೀಗೇ ಕಟ್ಟಿದೆ ದೊಡ್ಡವ್ವ. ಮೊದ್ಲು ಕಟ್ಟಿರ್ಲಿಲ್ಲ."

"ಅವತ್ತೇ ಕಟ್ಟಿ ತರಬಾರ್ದಾ? ನನ್ ಉಪ್ಪಿಟ್ಟೆಲ್ಲ ಹಾಳಾಯ್ತು."

ನಾನು ಇನ್ನೊಂದು ಕೆಲಸ ಮಾಡಬೇಕಿತ್ತು. ನನ್ನ ಗ್ರಾಫಿನಲ್ಲಿ ಇದ್ದದ್ದು ಹೆಣ್ಣುಮಕ್ಕಳ ಗೆರೆಗಳು ಮಾತ್ರ. ಮನೆ ಅಳಿಯನಾಗಿ ಊರು ಬಿಟ್ಟು ಹೋದ ಗಂಡಸಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಅಲ್ಲೇ ಕೂತು ಅವನದೊಂದು ಗೆರೆ ಸೇರಿಸಿದೆ: ಹೊಳವನಹಳ್ಳಿಯ ಹಸಿರಿನಲ್ಲಿ ಶುರುವಾಗಿ ಪಾವಗಡದ ಕಿತ್ತಳೆಯಲ್ಲಿ ಮುಗಿಯುವುದು. ಮೊದಲಿನ ಗೆರೆಯ ಮೇಲೇ ಬೀಳದಂತೆ ಎರಡನ್ನೂ ಸ್ವಲ್ಪ ಸ್ವಲ್ಪ ಬಾಗಿಸಿದೆ. ಈಗ ಅದೇ ಎರಡು ಚುಕ್ಕಿಗಳ ನಡುವೆ ಎರಡು ಗೆರೆಗಳು ಅಕ್ಕಪಕ್ಕ ನಿಂತವು, ಬಣ್ಣ ಒಂದಕ್ಕೊಂದು ಉಲ್ಟಾ. ದೊಡ್ಡವ್ವ ಕಂಡದ್ದೂ ಇತ್ತು, ಕಾಣದೇ ಇದ್ದದ್ದೂ ಇತ್ತು. ಹುಡುಗನ ತಾಯಿ ಹಸಿರಿನಿಂದ ಕಿತ್ತಳೆಗೆ ಬೆರಳಾಡಿಸಿ, "ನಮ್ಮಪ್ಪ ಇಂಗೆ ಬಂದ್ರಾ?" ಅಂದರು. ಹೂಂ ಅಂದೆ. ಇನ್ನೊಂದು ಸಲ ಬೆರಳಾಡಿಸಿದರು.

ಪಾವಗಡದ ಬಸ್ ಸ್ಟ್ಯಾಂಡಿಗೆ ಬಂದಾಗ ಇನ್ನೂ ಶಾಲೆ ಬಿಡುವ ಹೊತ್ತಾಗಿರಲಿಲ್ಲ. ತಡೆಯಲಾರದೆ ತಂಗಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳು ಮಗ್ಗಿ ಹೇಳುತ್ತಿದ್ದರು.

"ಸುಳ್ಳು ಕಣೆ," ಅಂದೆ. "ದೊಡ್ಡವ್ವಂದು ತಪ್ಪು ತಿಳುವಳಿಕೆ. ಅವ್ಳೇ ಒಪ್ಕೊಂಡ್ಳು. ಕೊಡ್ಲೇಬೇಕು ಅಂತವ್ಳೆ."

ಮಗ್ಗಿ ಮುಂದುವರಿಯಿತು. ಆಮೇಲೆ, "ಸರಿ ಅಕ್ಕ," ಎಂದು ಫೋನ್ ಇಟ್ಟಳು. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಮಾಡಿದಳು. ಈ ಸಲ ಮಕ್ಕಳ ಸದ್ದು ದೂರದಲ್ಲಿತ್ತು, ಹೊರಗೆ ಬಂದಿರಬೇಕು. ಮೂಗು ಏರಿಸಿಕೊಂಡು, "ದೊಡ್ಡವ್ವ ಊಟ ಮಾಡಿದ್ಳಾ? ಅಲ್ಲಿ ಖಾರ ಜಾಸ್ತಿ ಹಾಕ್ತಾರೆ, ಅವ್ಳಿಗೆ ಆಗಲ್ಲ" ಅಂದಳು. ಮಾಡಿದಳು ಅಂದೆ. "ಏನ್ ಸೀರೆ ಉಟ್ಕೊಂಡಿದ್ಳು?" ಅಂದಳು. ನೀಲಿ, ಸಣ್ಣ ಅಂಚಿಂದು ಅಂದೆ. "ಅದಾ? ಅದ್ರ ಬ್ಲೌಸ್ ಬಿಗಿ ಆಗಿತ್ತಲ್ಲ," ಅಂದಳು. ಇಬ್ಬರೂ ಹೀಗೇ ಏನೇನೋ ಮಾತಾಡುತ್ತಾ ನಿಂತೆವು. ಮಧುಗಿರಿಯ ಬಸ್ಸು ಬಂದು, ದೊಡ್ಡವ್ವ ಆಗಲೇ ಹತ್ತಿ ಸೀಟು ಹಿಡಿದು, ಕಿಟಕಿಯಿಂದ ಕೈ ಆಚೆ ಹಾಕಿ ನನ್ನನ್ನು ಕರೆಯುತ್ತಿದ್ದಳು.